ಎರಡು ಸುಳಿ

ತಲೆ ಬಗ್ಗಿಸು, ಇನ್‌ಗ್ಯು. ಇನ್ನೂ ಸ್ವಲ್ಪ.
ಗಲ್ಲ ಎದೆಗೆ ತಾಗಲಿ.
ಫೋನಿನ ಆ ಪಟ ಅಲ್ಲೇ ಇರಲಿ, ಪೌಡರ್ ಡಬ್ಬಿಗೆ ಒರಗಿಸಿ.
ನೋಡಿದ್ದಾಯಿತು ನಾನು:
ಹಣೆಯ ಮೇಲೆ ಅಲ್ಪವಿರಾಮದ ಹಾಗೆ ಬಾಗಿದ ಒಂದು ಕುಚ್ಚು,
ಕಿವಿಯ ಸುತ್ತ ಸಣ್ಣಗೆ ಕತ್ತರಿಸಿದ ಗೋಡೆ,
ಗೋಡೆಯ ಮೇಲೆ ಸೂರಿನಂತೆ ಇಳಿದ ಕೂದಲು.
ಪಟದವನದು ದಪ್ಪ ಕೂದಲು, ಮಗಾ.
ನಿನ್ನದು ಜೋಳದ ತೆನೆಯ ರೇಷ್ಮೆ.
ಒದ್ದೆಯಾದರೆ ನೆತ್ತಿ ಕಾಣುತ್ತದೆ,
ಒಣಗಿದರೆ ಯಾರ ಅಪ್ಪಣೆಯೂ ಇಲ್ಲದೆ
ಎಲ್ಲಿಗೋ ಹೊರಟು ನಿಲ್ಲುತ್ತದೆ.

ಮೂವತ್ತೊಂದು ವರ್ಷದಿಂದ ಮೊಕ್ಪೊ ಬಂದರಿನ ತಲೆಗಳನ್ನು ಕತ್ತರಿಸಿದ್ದೇನೆ
(ಕೂದಲನ್ನು. ನಗಬೇಡ, ಕತ್ತರಿ ಕಿವಿಯ ಹತ್ತಿರವಿದೆ).
ಇಂಥದ್ದು ಕೈಗೆ ಸಿಕ್ಕಿದ್ದು ನಾಲ್ಕೋ ಐದೋ ಸಲ.
ಅಲ್ಲಿ ರೋಲರುಗಳ ಕೆಳಗೆ ಕೂತಿದ್ದಾಳಲ್ಲ ಬುನ್ನಮ್ ಅಜ್ಜಿ,
ಮೂರು ಗಂಟೆ ಘಾಟು ಮದ್ದು ಸಹಿಸಿ
ದುಡ್ಡು ಕೊಟ್ಟು ಅವಳು ಒಯ್ಯುವುದು
ನೀನು ಹುಟ್ಟುತ್ತಲೇ ತಂದ ಅಲೆಯನ್ನೇ.
ನೀನೋ, ಹೋದ ಮಳೆಗಾಲ ದುಡ್ಡು ಕೊಟ್ಟು
ಅದನ್ನು ಇಸ್ತ್ರಿ ಮಾಡಿಸಿಕೊಂಡು ಬಂದೆ.
ಮೂರು ತಿಂಗಳು ತಲೆಗೆ ಒದ್ದೆ ಕಾಗದ ಅಂಟಿಸಿಕೊಂಡವನ ಹಾಗೆ ತಿರುಗಿದೆ.
ನಾನು ಕಿಟಕಿಯಿಂದ ನೋಡಿದೆ. ಏನೂ ಅನ್ನಲಿಲ್ಲ.
ಅನ್ನಬೇಕಿತ್ತು.

ಹಲ್ಲುಕತ್ತರಿ ಮುಟ್ಟುವುದಿಲ್ಲ ಇವತ್ತು.
ಇರುವುದೇ ಇಷ್ಟು, ಅದನ್ನೂ ತೆಳು ಮಾಡಿದರೆ
ಬಾಚಣಿಗೆಗೆ ಸಿಗುವುದು ಹೊಗೆ.
ಮುಂಗೂದಲು ಹುಬ್ಬಿಗಿಂತ ಒಂದು ಬೆರಳು ಕೆಳಗೇ ಇರಲಿ.
ಅಲೆಗೂದಲು ಒದ್ದೆಯಲ್ಲಿ ಕೊಟ್ಟ ಮಾತನ್ನು
ಒಣಗಿದ ಮೇಲೆ ಹಿಂದಕ್ಕೆ ಎಳೆದುಕೊಳ್ಳುತ್ತದೆ.

ಓ.
ಅಜ್ಜೀ, ನೋಡಿಲ್ಲಿ, ಇವನಿಗೆ ಎರಡು ಸುಳಿ!
"ಎರಡು ಮದುವೆ!" ಎಂದು ಕೂಗುತ್ತಾಳೆ ಅಜ್ಜಿ, ಯಂತ್ರದ ಸದ್ದಿನೊಳಗಿಂದ,
ಬೀದಿಗೆಲ್ಲ ಕೇಳುವಂತೆ.
"ಮೊದಲು ಒಂದಾಗಲಿ" ಎನ್ನುತ್ತೀ ನೀನು, ನೆಲಕ್ಕೆ.
ಕತ್ತು ಕೆಂಪಾಗುತ್ತದೆ.
ಹಿಂಗತ್ತು ನೋಡುವುದೇ ನನ್ನ ಕಸುಬು,
ಮುಖಗಳಿಗೆ ಅಭ್ಯಾಸವಿದೆ ಸುಳ್ಳು, ಹಿಂಗತ್ತಿಗಿಲ್ಲ.

ಕೇಳುವುದಿಲ್ಲ ನಾನು.
ಆರು ದಿನ ಮಂಜುಗಡ್ಡೆಯ ಕಾರ್ಖಾನೆಯಲ್ಲಿ
ಉಣ್ಣೆಟೋಪಿಯ ಅಡಿ ಮಲಗಿರುವ ಕೂದಲಿಗೆ
ಏಳನೆಯ ದಿನ ಯಾಕೆ ಇಷ್ಟು ಮರ್ಯಾದೆ ಎಂದು.
ಬಂದರಿನಲ್ಲಿ ಮಾತಿಗೇನು ಬರ?
ಯಾವ ದ್ವೀಪಕ್ಕೂ ಹೋಗದ ಹುಡುಗ
ಪ್ರತಿ ಭಾನುವಾರ ಟಿಕೆಟ್ ಕಿಟಕಿಯ ಮುಂದೆ ನಿಂತು
ಹನ್ನೊಂದರ ದೋಣಿ ಎಷ್ಟು ಗಂಟೆಗೆ ಎಂದು ಕೇಳುತ್ತಾನಂತೆ.

ಸರಿ, ಈಗ ಕೈ ನೋಡು, ಕನ್ನಡಿಯನ್ನಲ್ಲ.
ಟವೆಲಿನಿಂದ ಉಜ್ಜಬೇಡ, ಒತ್ತು, ಹಾಲುಮಗುವನ್ನು ಒರೆಸುವಷ್ಟೇ.
ಡ್ರೈಯರನ್ನು ಹಿಂದಿನಿಂದ ಮುಂದಕ್ಕೆ ಬೀಸು,
ಬೇರನ್ನು ಬೆರಳಲ್ಲಿ ಎತ್ತಿ ಹಿಡಿ,
ಕೂದಲು ಬಲಕ್ಕೆ ಮಲಗಬೇಕೆಂದರೆ ಎಡಕ್ಕೆ ಊದು,
ಹಠಮಾರಿಗಳಿಗೆ ಹೇಳುವ ರೀತಿಯೇ ಅದು.
ಕೊನೆಗೆ ತಣ್ಣನೆ ಗಾಳಿ. ಹತ್ತು ಎಣಿಸು.
ನೀನು ದಿನವೂ ಮಾಡುವುದು ಅದೇ ಅಲ್ಲವೇ,
ನೀರಿಗೆ ಆಕಾರ ನಿಲ್ಲುವುದು ತಂಪಿನಲ್ಲಿ.
ಮೇಣ ಒಂದು ಎಳ್ಳಿನಷ್ಟು. ತುದಿಗೆ ಮಾತ್ರ.
ಹೆಚ್ಚಾದರೆ ಮತ್ತೆ ಒದ್ದೆ ಕಾಗದ.

ಬಾಗಿಲು ತೆರೆದು ಹೋದ. ಗಾಳಿ ಬಂತು ಕಡಲಿನ ಕಡೆಯಿಂದ.
ಮೀನಂಗಡಿಯ ಗಾಜಿನ ಮುಂದೆ ನಿಂತ,
ಕೆಡಲಿಲ್ಲ ಅಲ್ಪವಿರಾಮ; ಸ್ವಲ್ಪ ಸರಿಯಿತು ಅಷ್ಟೆ,
ಪಟದಲ್ಲಿ ಇದ್ದದ್ದಕ್ಕಿಂತ ಚೆನ್ನಾಗಿ.

ಅದು ಶನಿವಾರ.

ಭಾನುವಾರ ಬೆಳಿಗ್ಗೆ ಏಳಕ್ಕೆ ಷಟರ್ ಬಡಿಯುವ ಸದ್ದು.
ಅರ್ಧ ಎತ್ತಿದರೆ ಮೊದಲು ಕಂಡದ್ದು ಬೂಟು,
ಆಮೇಲೆ ಕೈಯಲ್ಲಿ ತೂಗುವ ತಂತಿ, ಹೊಸ ಡ್ರೈಯರು,
ಆಮೇಲೆ ತಲೆ. ಅಯ್ಯೋ.
ತೊಯ್ದ ಕೋಳಿಮರಿ.
"ಎಡಗಡೆ ಮೊದಲೋ, ಬಲಗಡೆಯೋ?"

ಭಾನುವಾರ ಅಂಗಡಿ ರಜೆ.
ನನ್ನ ತಲೆಯೂ ಬಾಚಿಲ್ಲ ಇನ್ನೂ, ನೋಡಿ ಹೆದರಬೇಡ.
ಪ್ಲಗ್ಗು ಅಲ್ಲಿದೆ, ಕ್ಯಾಲೆಂಡರಿನ ಕೆಳಗೆ.
ನೀನೇ ಮಾಡು, ನಾನು ನೋಡುತ್ತೇನೆ,
ಹನ್ನೊಂದಕ್ಕೆ ಇನ್ನೂ ಹೊತ್ತಿದೆ.