ಮುರಿ

ಎಂಡೆಲ್, ನಿನ್ನ ನಾಯಿ ಸತ್ತು ಹದಿನೇಳು ವರ್ಷ,
ನೀನು ಹೋಗಿ ಆರು.
ಆದರೂ ಅನ್ನೆಲಿನ್ ಬಡಾವಣೆಯ ನೆಲಮಾಳಿಗೆಗಳಲ್ಲಿ
ಅದರ ಹೆಸರು ಹಿಡಿದು ಕರೆದರೆ
ಈಗಲೂ ಬಾಗಿಲು ತೆರೆಯುತ್ತದೆ.

ಇಪ್ಪತ್ತೆರಡು ನನಗಾಗ. ಟಾರ್ಟುವಿನಲ್ಲಿ
ಎರಡು ಕೋಣೆಯ ಕಂಪನಿ, ಒಂದೇ ಆಸಿಲೋಸ್ಕೋಪು,
ಅದಕ್ಕೂ ಸರದಿ.
ಮನೆ ಕಾಯಿಸುವ ಬಿಸಿನೀರ ಕೊಳವೆಗೆ
ಕಾವಲು ಕೂರುವ ಪೆಟ್ಟಿಗೆ; ಅದಕ್ಕೆ ಬುದ್ಧಿ ಬರೆಯುವವಳು ನಾನು.
ಮೂವತ್ತೆರಡು ಕಿಲೋಬೈಟು, ಅಷ್ಟರಲ್ಲೇ ಸಂಸಾರ.
ಒಂದು ಬೈಟು ಒಳಬಂದರೆ
ಇನ್ನೊಂದು ಚಾಪೆ ಸುತ್ತಿಕೊಂಡು ಏಳಬೇಕು.

ಚಿಪ್ಪಿನೊಳಗೊಂದು ಕಾವಲುನಾಯಿ ಇರುತ್ತದೆ, ನಿನಗೆ ಹೇಳಿದ್ದೆ.
ಎರಡು ಸೆಕೆಂಡಿಗೊಮ್ಮೆ ಅದಕ್ಕೆ ತುತ್ತು ಹಾಕಬೇಕು.
ತಪ್ಪಿದರೆ, ಯಜಮಾನ ಬಿದ್ದನೆಂದು ತಿಳಿದು
ಇಡೀ ಪೆಟ್ಟಿಗೆಯನ್ನು ಕೊಡವಿ ಎಬ್ಬಿಸುತ್ತದೆ.
"ನನ್ನ ಮುರಿಗಿಂತ ವಾಸಿ," ನೀನು ನಕ್ಕಿದ್ದೆ,
"ನಾನು ಬಿದ್ದರೆ ಅದು ನನ್ನ ಸಾಸೇಜು ತಿನ್ನುತ್ತದೆ."

ಆ ಜನವರಿ. ಮೈನಸ್ ಇಪ್ಪತ್ತೇಳು.
ರಾತ್ರಿ ಎರಡಕ್ಕೆ ನಿನ್ನ ಫೋನು:
"ಲೇಲೊ, ಒಂಬತ್ತು ಮಹಡಿ ತಣ್ಣಗಿವೆ.
ನಿನ್ನ ಗುಪ್ತಪದ ಹನ್ನೆರಡು ಅಕ್ಷರ,
ಇರುವುದು ಎರಡು ಗುಂಡಿ, ಮೇಲಕ್ಕೊಂದು ಕೆಳಕ್ಕೊಂದು,
ನನ್ನ ಬೆರಳು ನನ್ನ ಮಾತು ಕೇಳುತ್ತಿಲ್ಲ."

ಮರುದಿನ ನಾಲ್ಕೇ ಅಕ್ಷರ ಬರೆದೆ, ನಿನ್ನ ನಾಯಿಯದು.
ಪಕ್ಕದಲ್ಲೊಂದು ಟಿಪ್ಪಣಿ:
ತಾತ್ಕಾಲಿಕ. ಚಳಿ ಮುಗಿದ ಮೇಲೆ ತೆಗೆಯಬೇಕು.

ಚಳಿ ಮುಗಿಯಿತು. ಇಪ್ಪತ್ತಾರು ಸಲ ಮುಗಿಯಿತು.

ಆಮೇಲೆ ಲಿಫ್ಟುಗಳಿಗೆ ಬರೆದೆ, ಹಾಲು ಕರೆಯುವ ಯಂತ್ರಕ್ಕೆ,
ಮೀನು ದೋಣಿಯ ಪಂಪಿಗೆ.
ಕಂಪನಿಯನ್ನು ಯಾರೋ ಕೊಂಡರು, ಕೊಂಡವರನ್ನು ಮತ್ಯಾರೋ.
ಆ ಪೆಟ್ಟಿಗೆಗಳಿಗೆ ಒಂದು ದಿನ ಮೋಡೆಮ್ ಕಟ್ಟಿ
ನೆಲಮಾಳಿಗೆಯನ್ನು
ಲೋಕದ ಬೀದಿಗೆ ತಂದಿಟ್ಟರು.
ನನಗೆ ಹೇಳಲಿಲ್ಲ. ಏಕೆ ಹೇಳಬೇಕು?

ನಲವತ್ತಾರಕ್ಕೆ ಮತ್ತೆ ವಿದ್ಯಾರ್ಥಿನಿ.
ವಿಷಯ: ಹಳೆಯ ಯಂತ್ರಗಳು, ಜಾಲದ ಸುರಕ್ಷತೆ.
ಗುಜರಿಯಲ್ಲಿ ಹನ್ನೆರಡು ಯೂರೋಗೆ ಸಿಕ್ಕ ಪೆಟ್ಟಿಗೆಯ
ಹೊಟ್ಟೆ ಬಗೆದು ನೆನಪು ಹೊರತೆಗೆದೆ.
ಅಂಕಿಗಳ ಮರಳು, ಪುಟದ ಮೇಲೆ ಪುಟ ಮರಳು,
ನಡುವೆ ನಾಲ್ಕು ಅಕ್ಷರ ಎದ್ದು ಬಾಲ ಅಲ್ಲಾಡಿಸಿದವು.

ದಕ್ಷಿಣದ ಯಾವುದೋ ನುಡಿಯಲ್ಲಿ
ಇದು ನಾಯಿಯ ಹೆಸರಲ್ಲ, ಅಪ್ಪಣೆ
ಎಂದು ಪಕ್ಕದ ಮೇಜಿನ ಹುಡುಗ ನಕ್ಕ.
ನಾನು ನಗಲಿಲ್ಲ. ಎಣಿಸುತ್ತಿದ್ದೆ:
ಹೊರಗೆ ಇನ್ನೂ ಆರುನೂರ ಹದಿನಾಲ್ಕು ಪೆಟ್ಟಿಗೆ ಉಸಿರಾಡುತ್ತಿದ್ದವು.

ನಾಲ್ಕನೆಯ ಅಧ್ಯಾಯದಲ್ಲಿ ಬರೆದೆ:
ಯಾರೋ ಪ್ರೋಗ್ರಾಮರಿನ ನಿರ್ಲಕ್ಷ್ಯ,
'ತಾತ್ಕಾಲಿಕ' ಎಂಬ ಟಿಪ್ಪಣಿಯೇ ಸಾಕ್ಷಿ.
ಮಾರ್ಗದರ್ಶಕ ಕೌಪೊ ಪೆನ್ಸಿಲಿನಲ್ಲಿ ಸುತ್ತು ಹಾಕಿದ.
"ಟಿಪ್ಪಣಿಗಳು ಚಿಪ್ಪಿನೊಳಗೆ ಉಳಿಯುವುದಿಲ್ಲ.
ನಿಮಗಿದು ಎಲ್ಲಿ ಸಿಕ್ಕಿತು?"

ಕಿಟಕಿಯಾಚೆ ಎಮಾಯೊಗಿ ಹೊಳೆ ಹೆಪ್ಪುಗಟ್ಟಿತ್ತು,
ಅಂಚಿನಲ್ಲೊಬ್ಬ ಮಂಜು ಕೊರೆದು ಗಾಳ ಬಿಟ್ಟಿದ್ದ.
ಅವನ ದಾರ ಅಲುಗುವವರೆಗೂ ನಾನು ಮಾತಾಡಲಿಲ್ಲ.
ಅಲುಗಲೇ ಇಲ್ಲ.
"ನನ್ನ ಹತ್ತಿರ," ಎಂದೆ.

ಕೌಪೊಗೆ ಮೂವತ್ತೊಂದು.
ಬಹಳ ಹೊತ್ತಿನ ಮೇಲೆ ಹೇಳಿದ, ಏನೂ ಸಂಬಂಧವಿಲ್ಲದವನಂತೆ:
ಐದು ವರ್ಷದವನಿದ್ದಾಗ ಅನ್ನೆಲಿನ್, ಏಳನೆಯ ಮಹಡಿ,
ಅಮ್ಮ ಕೋಟು ತೊಡಿಸಿ ಮಲಗಿಸಿದ್ದಳು.
ಬೆಳಗಿನ ಜಾವ ಗೋಡೆಯೊಳಗೆ ಟಕ್ ಟಕ್ ಸದ್ದು,
ಕೊಳವೆ ಬೆಚ್ಚಗಾಗುತ್ತಿತ್ತು.
ಯಾರೋ ಬಂದರು ಎಂದಳಂತೆ.

ಈಗ ಹೊಸ ಬೀಗ. ಮೂವತ್ತೆರಡು ಅಕ್ಷರ,
ಗಂಟೆಗೊಮ್ಮೆ ಬದಲಾಗುತ್ತದೆ, ದೂರದ ಸರ್ವರಿನಿಂದ ಇಳಿಯುತ್ತದೆ.
ಸರಿಯಾಗಿದೆ. ನಾನೇ ಸಾಧಿಸಿ ತೋರಿಸಿದ್ದೇನೆ.
'ಮುಂದಿನ ಕೆಲಸ' ಎಂಬ ಕೊನೆಯ ಪುಟದಲ್ಲಿ
ಒಂದು ಸಾಲು ಸೇರಿಸಿದೆ: ಜಾಲ ಬಿದ್ದ ರಾತ್ರಿ,
ಕೈಗವಸಿನ ಬೆರಳು.
ಪರೀಕ್ಷಕರು ಅದನ್ನು ಅಚ್ಚಿನ ದೋಷವೆಂದುಕೊಂಡರು.

ನಿನ್ನೆ ಕಡೆಯ ಪೆಟ್ಟಿಗೆ. ಬೀಗ ಬದಲಿಸುವ ಮುಂಚೆ
ಬರಿಗೈಯಲ್ಲಿ ಒತ್ತಿದೆ, ಮೇಲೆ, ಕೆಳಗೆ, ಮೇಲೆ,
ನಾಲ್ಕು ಅಕ್ಷರ.
ತೆರೆಯಿತು, ಎಂಡೆಲ್. ಅಪರಿಚಿತಳನ್ನೂ ನೆಕ್ಕುವ ದಡ್ಡ ನಾಯಿ.

ಒಳಗೆ ಹಸಿರು ದೀಪ,
ಎರಡು ಸೆಕೆಂಡಿಗೊಂದು ತುತ್ತು.