ನೇರಳೆಗೆ ತಣ್ಣೀರು

ಪದವಿಗಳನ್ನು ನಾನು ಓದಿ ಕಲಿತವಳಲ್ಲ, ಒಗೆದು ಕಲಿತವಳು,
ವಿರಾಜಪೇಟೆ ಚರ್ಚಿನ ಹಿಂದಿನ ಕಲ್ಲುತೊಟ್ಟಿಯಲ್ಲಿ.
ನಿಲುವಂಗಿ ಬರೀ ಕರಿಯಾದರೆ ವಿಗಾರರು.
ಅಂಚಿಗೆ ನೇರಳೆ ನೂಲು ಓಡಿದ್ದರೆ ಮೊನ್ಸಿಂಜೋರರು,
ಬಿಸಿನೀರು ಕೂಡದು, ಬಣ್ಣ ಬಿಡುತ್ತದೆ.
ತೋಳಿನ ತುದಿಗೆ ಶಾಯಿ ಹತ್ತಿದ್ದರೆ ವಿಕಾರ್ ಜನರಲ್:
ಬಿಷಪ್ಪರ ಕೆಲಸವೆಲ್ಲ ಇದೆ, ಕೋಲೊಂದಿಲ್ಲ.

ನನ್ನವ್ವ ಮಡಿಕೇರಿ ಕೋಟೆಯೊಳಗೆ
ಇಂಗ್ಲಿಷರ ಪಾದ್ರಿಗಳಿಗೂ ಒಗೆದವಳು.
ಕುದುರೆಯೇರಿ ಬರುತ್ತಿದ್ದ ಆರ್ಚ್‌ಡೀಕನ್ ಸಾಹೇಬನ
ಕರಿ ಗೈಟರಿಗೆ ಕಾಲಿಗೆ ಹದಿನೆಂಟರಂತೆ ಗುಂಡಿ,
ಎಣಿಸಿ ತರಬೇಕು, ಎಣಿಸಿ ಒಪ್ಪಿಸಬೇಕು.
ಆ ಪದವಿಗೆ ನಮ್ಮಲ್ಲಿ ಹೆಸರೇ ಹುಟ್ಟಲಿಲ್ಲ.
ಸಾಯುವ ತನಕ ಅವ್ವನಿಗೆ ಅವನು ಗುಂಡಿ ಪಾದ್ರಿ.

ಹೂಮಳೆ ಬಿದ್ದ ಮೂರನೇ ದಿನ, ತೋಟಗಳೆಲ್ಲ ಬೆಳ್ಳಗೆ,
ಮಕ್ಕಳಿಗೆ ದೃಢೀಕರಣ ಕೊಡಲು ಬಿಷಪ್ಪರು ಬಂದರು.
ಕಾಫಿಬೊಡ್ಡೆಯ ಇದ್ದಿಲು ತುಂಬಿದ ಇಸ್ತ್ರಿಪೆಟ್ಟಿಗೆ ಹಿಡಿದು
ನಾನೇ ಕೇಳಿದೆ: ತಾವು ಯಾವ ಊರಿನ ಬಿಷಪ್ಪರು?
ಒಂದು ಹೆಸರು ಹೇಳಿದರು. ನನ್ನ ನಾಲಿಗೆಗೆ ಹತ್ತಲಿಲ್ಲ.
ಎಲ್ಲಿದೆ ಸ್ವಾಮಿ?
ಸಮುದ್ರದಾಚೆ. ಮರಳಿನ ಕೆಳಗೆ.
ಸಾವಿರ ವರ್ಷದಿಂದ ಅಲ್ಲಿ ಗಂಟೆ ಹೊಡೆದಿಲ್ಲ.
ಬಿಷಪ್ಪನಾದವನಿಗೆ ಊರೊಂದು ಇರಲೇಬೇಕಂತೆ,
ಇರುವ ಊರೆಲ್ಲ ಬೇರೆಯವರ ಪಾಲಾಗಿತ್ತು,
ಇಲ್ಲದ್ದನ್ನು ಕೊಟ್ಟರು.
ನಾನು ನಕ್ಕುಬಿಟ್ಟೆ, ಕೈಯಲ್ಲಿ ಅವರದೇ ಸೊಂಟಪಟ್ಟಿ.
ಅವರು ನಗಲಿಲ್ಲ.

ಪೂಜೆ ಮುಗಿದು ಉಂಗುರಕ್ಕೆ ಮುತ್ತಿಡುವ ಸಾಲು.
ಪೇಟೆ ವಾರ್ಡಿನ ಗುರ್ಕಾರ, ಕೆಳಗೇರಿಯ ಗುರ್ಕಾರ,
ಒಬ್ಬೊಬ್ಬರೂ ಹೆಸರು ಹೇಳಿ, ಬಾಗಿ, ಸರಿದರು.
ಪಾಸ್ಕೊಲ್ ಲಸ್ರಾದೊ ಕೊನೆಗೆ ಬಂದ, ಕೋಟಿಗೆ ಒಂದೇ ಗುಂಡಿ.
'ಏಳನೇ ಲೈನಿನ ಗುರ್ಕಾರ' ಎಂದ.
ಹಿಂದೆ ಯಾರೋ: ಏಳನೇ ಲೈನು ಎಲ್ಲಿದೆ ಮಾರಾಯ್ರೆ,
ಕೆಡವಿ ಕಾಫಿ ಒಣಗಿಸುವ ಕಣ ಮಾಡಿ ಆರು ವರ್ಷ ಆಯ್ತಲ್ಲ!

ಬಿಷಪ್ಪರು ಉಂಗುರದ ಕೈ ಹಿಂದಕ್ಕೆ ತಗೊಂಡರು.
ಎಷ್ಟು ಮನೆ ಇತ್ತು?
ಹನ್ನೊಂದು. ಹೇಳ್ಲಾ?
ಹೇಳಿ.
ಮೊದಲನೇದು ಬೊನವೆಂತೂರನದ್ದು,
ಮಗ್ಗುಲಿಗೆ ಮೋಂತಿನ್ ಬಾಯಿ, ಅವಳ ಗೋಡೆ ಸೋರುತ್ತಿತ್ತು,
ಮೂರನೇದರಲ್ಲಿ ಯಾರೂ ನಿಲ್ಲುತ್ತಿರಲಿಲ್ಲ, ಆನೆ ದಾರಿ ಅದು,
ನಾಲ್ಕನೇದು…
ವಿಗಾರರು ಗಡಿಯಾರ ನೋಡಿದರು.
ಅಡುಗೆಮನೆಯಲ್ಲಿ ಹಂದಿಸಾರು ಆರುತ್ತಿತ್ತು.
ಹನ್ನೊಂದೂ ಆಯಿತು. ಆಮೇಲೆ ಬಾವಿ. ಆಮೇಲೆ
ರೊಜಾರ್ ಹೇಳಿಕೊಡುತ್ತಿದ್ದ ಹಲಸಿನ ಬುಡ.
ಮುಂದೇನಾಯಿತೋ, ಮುಂದಿನವರ ಬೆನ್ನು ಅಡ್ಡ ಬಂತು ನನಗೆ.

ಸಂಜೆ ನೇರಳೆ ಮೇಲಂಗಿ ತೊಟ್ಟಿಗೆ ಬಂದಾಗ
ಎಡಭುಜದ ಮೇಲೆ ಕೊಬ್ಬರಿ ಎಣ್ಣೆಯ ಕಲೆ,
ಒಂದು ತಲೆಯಷ್ಟು ಅಗಲ.
ಅದು ಯಾವ ಪದವಿಯ ಗುರುತೆಂದು ಅವ್ವ ಕಲಿಸಿರಲಿಲ್ಲ.
ಕಡಲೆಹಿಟ್ಟು ಹಾಕಿ ಉಜ್ಜಿದೆ, ಮೆಲ್ಲಗೆ.
ತಣ್ಣೀರಿನಲ್ಲಿ.