ಹಲ್ಲಿಲ್ಲದ ಕೀಲಿ

ಮುದಗಲ್ಲ ಕ್ವಾಟಿ ಅಗಸಿ ಹೊರಗ, ಹುಣಸಿಗಿಡದ ನೆಳ್ಳಾಗ
ಬೀಸೋಕಲ್ಲಿಗೆ ಮುಳ್ಳು ಹೊಡಕೋತ ಕೂತಿದ್ದೆ.
ಬಂದ ಅವ, ಕೆಂಚು ಗಡ್ಡದ ಪರಂಗಿ,
ಕುದುರಿ ಮಾರಾಕ ಬಂದಾವ, ಮಾರಿ ಹೋಗದ ಉಳದಾವ.
ಹೆಸರು ದೊಂ ಇಸ್ತೆವಾಂವ್, ಮುಂದ ಇನ್ನೂ ಮಾರುದ್ದ ಇತ್ತು;
ನಮ್ಮೂರ ಬಾಯಾಗ ಇಸ್ತಪ್ಪ ಆಗಿದ್ದ.
ಕೆಮ್ಮಿ ಒರಿಸಿಕೊಂಡ ಅರಿವ್ಯಾಗ ರಗತದ ಕಲಿ.

"ಚಿಕ್ಕೋಜ, ನನ್ನ ಗೋರಿಗೆ ಒಂದು ಗುರಾಣಿ ಕೆತ್ತು."
ಇದ್ದಲಿ ತಗೊಂಡು ಹಾಸುಬಂಡಿ ಮ್ಯಾಲ ನಾಕು ಮನಿ ಬರದ.
ಒಂದರಾಗ ಬುರುಜು. ಒಂದರಾಗ ಸಿಂಹ.
ಒಂದರಾಗ ಐದು ಚುಕ್ಕಿ, ಅವ್ವನ ತವರಿಂದಂತ.
ನಾಕನೇದ್ದಕ್ಕ ಬಂದು
ಇದ್ದಲಿ ಹಿಡಕೊಂಡs ಕೂತ.

ಅವನ ಕನ್ನಡ ಕುದುರಿ ಸಂತಿಯಾಗ ಕಲ್ತದ್ದು:
ಹಲ್ಲು, ಗೊರಸು, ಸುಳಿ, ಬೆಲಿ.
ಅಷ್ಟs ಮಾತಿನಾಗ ಅರಸರ ಕತಿ ಹೇಳಿದ.

"ನಮ್ಮ ಅರಸು ಆಗ ಹಾಲುಹಲ್ಲಿನ ಮರಿ.
ಲಗಾಮು ಹಿಡದಾವ ಚಿಕ್ಕಪ್ಪ.
ಕಸಗೊಳ್ಳಾಕ ನಿಂತಾಕಿ ತಾಯಿ.
ನಮ್ಮಪ್ಪ ದೊಂ ಲೊಪು, ಒಂದು ಗಡಿಕ್ವಾಟಿಯ ಧಣಿ,
ಎರಡೂ ಕೈ ಜೋಡಿಸಿ ಚಿಕ್ಕಪ್ಪನ ಕೈಯಾಗ ಇಟ್ಟು
ಆಣಿ ಮಾಡಿದ. ಅದು ಅಲ್ಲಿಯ ಪದ್ಧತಿ.
ಮರಿಗೆ ಹಲ್ಲು ಬಂದುವು.
ದರಬಾರಿನ ದೊರಿಗಳು ಕಿವಿಗೆ ಬಾಯಿ ಹಚ್ಚಿದರು:
ಚಿಕ್ಕಪ್ಪ ಕಿರೀಟ ಕಾಯಾಕತ್ತಿಲ್ಲ,
ತನ್ನ ತಲಿಗೆ ಅಳತಿ ನೋಡಾಕತ್ತಾನ.
ಚಿಕ್ಕಪ್ಪ ಸತ್ತ. ಹೆಂಗ ಅಂತ ಕೇಳಬ್ಯಾಡ.
ನಮ್ಮಪ್ಪ ಬರಿಗಾಲಲೆ ಹೋಗಿ
ಕ್ವಾಟಿ ಕೀಲಿ ಅರಸನ ಮುಂದ ಇಟ್ಟ.
ಅರಸು ನಕ್ಕ, ಎಬ್ಬಿಸಿ ತೆಕ್ಕಿ ಹಾಯ್ದ,
ಕೀಲಿ ವಾಪಸ್ ಕೊಟ್ಟ, ಗುರಾಣಿ ಮ್ಯಾಲ
ಬಂಗಾರದ ಕೀಲಿ ಇಟ್ಟುಕೋ ಅಂತ ಸನದೂ ಬರದ.
ದ್ರಾಕ್ಷಿ ಕೊಯ್ಯೋ ತಿಂಗಳದಾಗ
ಅದs ಕೈಲೆ ತಲಿ ತಗಸಿದ."

ನಾ ಏನೂ ಅನ್ನಲಿಲ್ಲ. ಉಳಿ ತಿರುವಿದೆ.
ಹೊಳಿ ಆಚಿ ಅರಸು ಗೆದ್ದಾಗ ಈ ಅಗಸಿಗೆ
ಸೂರ್ಯ ಚಂದ್ರ ಇರೋತನಕ ಅಂತ ಶಾಸನ ಹೊಡದಾವ ನಾನs.
ಹನ್ನೊಂದು ವರ್ಷ ಇದ್ದುವು ಆ ಸೂರ್ಯ ಚಂದ್ರ.
ಈಚಿ ಸುಲ್ತಾನ ಬಂದ ಮ್ಯಾಲ
ಅದನ್ನ ಕೆರದು ಹಾಕಿದಾವನೂ ನಾನs.
ಕೆತ್ತಿದ್ದಕ್ಕಿಂತ ಕೆರದದ್ದಕ್ಕ ಎರಡು ಹಣ ಜಾಸ್ತಿ ಕೊಟ್ಟರು.

"ಬಿಟ್ಟುಬಿಡ್ರಿ ಆ ಮನಿ, ಬೋಳs ಇರಲಿ" ಅಂದೆ.
"ಬಿಟ್ಟರ ಅಪ್ಪಗ ಸಿಕ್ಕ ಮರ್ಯಾದಿ ಹೋತು."
"ಹಂಗಾರ ಕೆತ್ತತೀನಿ."
"ಕೆತ್ತಿದರ ಕೊಂದಾವ್ನ ಗುರುತು ಹೊತ್ತು ಮಲಗಬೇಕು."
ಬಿಸಲು ಜರಗಿ ಅವನ ಮೊಣಕಾಲಿಗೆ ಬಂತು.
ಬಾಲೇಹಣ್ಣ ಮರದ ಕೆಳಗ ಅವನ ಮುದಿ ಕುದುರಿ
ನೊಣ ಝಾಡಿಸಿಕೋತ ನಿಂತಿತ್ತು. ಅದನ್ನs ನೋಡಿದ, ಭಾಳ ಹೊತ್ತು.

"ಕೀಲಿ ಕೆತ್ತು" ಅಂದ. "ಹಲ್ಲು ಹಾಕಬ್ಯಾಡ."
ನಗಾಕ ಹೋಗಿ ಕೆಮ್ಮಿದ.

ಶ್ರಾವಣ ನೋಡಲಿಲ್ಲ ಅವ.
ಅವನ ಹೆಂಡತಿ ಹುಲಿಗೆವ್ವ ಕುದುರಿ ಮಾರಿ ಕೂಲಿ ಕೊಟ್ಟಳು;
ಅರ್ಧ ಇಸಗೊಂಡೆ.
ಸಿಂಹ ನಾ ಕಂಡಾವಲ್ಲ, ಅಪ್ಪ ಕಲಿಸಿದ ಯಾಳಿನs ಇಳಿಸಿದೆ,
ಸಣ್ಣದೊಂದು ಸೊಂಡಿ ಬಂತು, ಅದೂ ಇರಲಿ ಅಂತ ಬಿಟ್ಟೆ.
ಚುಕ್ಕಿ ಐದೂ ಚಲೋ ಬಂದುವು.

ಕಿಲ್ಲೇದಾರ ಕುದುರಿ ನಿಲ್ಲಿಸಿ ಬಗ್ಗಿ ನೋಡಿದ.
"ಇದೇನೋ ನಾಕನೇ ಮನ್ಯಾಗ? ಸೌಟು?"
"ಹೌದ್ರಿ," ಅಂದೆ, "ಸೌಟು.
ಅವರ ಮನಿತನ ಭಾಳ ಮಂದಿಗೆ ಉಣ್ಣಾಕ ನೀಡಿತ್ತಂತ."
ತಲಿ ಹಾಕಿ ಹೋದ.

ಮುಂದಿನ ಸೋಮಾರ ಹೊಳಿ ಆಚಿಂದ ನಗಾರಿ ಕೇಳಿಸಿತು.
ಕೆರಿಯೋ ಉಳಿ ಹುಡುಕಿ ತಗದು
ನೀರು ಚಿಮುಕಿಸಿ, ಸಾಣಿ ಹಿಡಿಯಾಕ ಕೂತೆ.